ಆರಕ್ಕಿಂತ ಕಡಿಮೆ

ನಮ್ಮ ಗಾಡಿ ಚಾಲೂ ಆಗಿದೆಯೋ ಇಲ್ಲವೋ ಎಂಬುದು ಅದರೊಳಗೆ ಕೂತವರಿಗೂ ತಕ್ಷಣ ಗೊತ್ತಾಗುವುದಿಲ್ಲ. ಗುಂಡಿ ಒತ್ತಿದರೆ ಸಣ್ಣಗೆ ಟಿಣ್ ಎನ್ನುತ್ತದೆ, ಪರದೆಯ ಮೇಲೆ ಒಂದು ಹಸಿರು ಕಾರಿನ ಚಿತ್ರ ಮೂಡುತ್ತದೆ, ಅಷ್ಟೇ. ಒಳಗೆ ಬ್ಯಾಟರಿಯೂ ಇದೆ, ಪೆಟ್ರೋಲ್ ಎಂಜಿನ್ನೂ ಇದೆ. ಎಂಜಿನ್ ತನಗೆ ಬೇಕೆನಿಸಿದಾಗ ಏಳುತ್ತದೆ, ಸಾಕೆನಿಸಿದಾಗ ಮಲಗುತ್ತದೆ. ಹನ್ನೊಂದು ವರ್ಷ ಹಾವೇರಿಗೂ ಹುಬ್ಬಳ್ಳಿಗೂ ನಡುವೆ ಸಾಮಾನಿನ ಟೆಂಪೊ ಓಡಿಸಿದವನು ನಾನು. ಮೈಯೆಲ್ಲ ನಡುಗದಿದ್ದರೆ ಗಾಡಿ ಚಾಲೂ ಆಗಿದೆ ಎಂದು ನಾನು ಹೇಗೆ ನಂಬಲಿ. ಒಮ್ಮೆ ಅದು ನಿಂತಿದೆ ಎಂದುಕೊಂಡು ಇಳಿದು ಹೋಗಿ, ನಾನು ಅಡುಗೆ ಮಾಡುವ ದಾಗಿಸ್‌ನಲ್ಲಿ, ಅಂದರೆ ಮಕ್ಕಳನ್ನು ಹಗಲು ನೋಡಿಕೊಳ್ಳುವ ಶಾಲೆಯಲ್ಲಿ, ನಲವತ್ತು ಮಕ್ಕಳಿಗೆ ಆಲೂಗಡ್ಡೆ ಬೇಯಿಸಿ, ಬಸಿದು, ಬಡಿಸಿ ಬಂದೆ. ಗಾಡಿ ಅಲ್ಲೇ ನಿಂತು ತನ್ನಷ್ಟಕ್ಕೆ ತಾನು ಎದ್ದು ಮಲಗಿ ಮಾಡಿಕೊಂಡಿತ್ತು.

ಗಾಡಿ ನನ್ನದಲ್ಲ, ನನ್ನ ಹೆಂಡತಿಯದು. ಮದುವೆಯಾದಾಗ ನಾವಿಬ್ಬರೂ ಪಿಯುಸಿ. ಆಮೇಲೆ ಅವಳು ಓದುತ್ತಾ ಹೋದಳು, ನಾನು ಅವಳನ್ನು ಕಾಲೇಜಿಗೆ ಬಿಡುತ್ತಾ ಹೋದೆ. ಅವಳ ಓದು ನಮ್ಮನ್ನು ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾ ಎಂಬ ಈ ಸಮುದ್ರದ ಊರಿಗೆ ತಂದಿತು. ಅವಳು ಇಲ್ಲೊಂದು ಟೆಲಿಕಾಂ ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಕೆಲಸಕ್ಕಿದ್ದಳು. ಪರೀಕ್ಷೆ ಮಾಡುವುದು ಅವಳ ಸ್ವಭಾವದಲ್ಲೇ ಇತ್ತು. ಸಾರಿನ ಉಪ್ಪಿನಿಂದ ಹಿಡಿದು ನನ್ನ ಸ್ವೀಡಿಷ್‌ವರೆಗೆ ಯಾವುದನ್ನೂ ಅವಳು ಪರೀಕ್ಷಿಸದೆ ಒಪ್ಪಿಕೊಂಡವಳಲ್ಲ.

ಹೋದ ಏಪ್ರಿಲ್ಲಿನಲ್ಲಿ ಅವಳು ಅಮೆರಿಕದಿಂದ ತರಿಸಿದ ಈ ಸಣ್ಣ ಹೈಬ್ರಿಡ್ ಪಿಕಪ್ಪನ್ನು ಕೊಂಡಳು. ಮುಂದೆ ಐದು ಜನ ಕೂರಬಹುದು. ಹಿಂದೆ ನಾಲ್ಕೂವರೆ ಅಡಿ ಉದ್ದದ ತೆರೆದ ತೊಟ್ಟಿ. ನನಗೆ ನೋಡಿದ ಕೂಡಲೇ ನಗು ಬಂತು.

"ಇದೇನೇ, ಲಾರಿ ತಂದೆ. ನಮ್ಮದು ಎರಡು ಕೋಣೆ ಮನೆ, ಮೂರು ಜನ. ಏನು ಹೇರ್ತೀಯಾ ಇದರಲ್ಲಿ?"

"ಲಾರಿ ಅಲ್ಲ ರೀ. ಪಿಕಪ್."

"ಹಿಂದೆ ತೊಟ್ಟಿ ಇದ್ರೆ ಲಾರಿನೇ. ಲಾರಿ ಅಂದ್ಮೇಲೆ ಕುಡಿಯುತ್ತೆ. ನಾನು ಕುಡಿಸಿ ಕುಡಿಸಿ ಸಾಕಾಗಿದ್ದವನು."

"ನೂರು ಕಿಲೋಮೀಟರಿಗೆ ಆರು ಲೀಟರೂ ಕುಡಿಯಲ್ಲ."

"ಕಂಪನಿಯವರು ಹಾಗಂತಾರೆ."

ಅವಳಿಗೆ ಅಷ್ಟು ಸಾಕಾಯಿತು. ಪಂದ್ಯ ಅಲ್ಲೇ, ಗಾಡಿ ಮಾರುವವನ ಅಂಗಳದಲ್ಲೇ ಕಟ್ಟಿದಳು. ಗಾಡಿಯಲ್ಲಿ ಎ, ಬಿ ಎಂದು ಎರಡು ಟ್ರಿಪ್ ಮೀಟರುಗಳಿವೆ. ಸೊನ್ನೆಯಿಂದ ಶುರು ಮಾಡಿದರೆ ಎಷ್ಟು ದೂರ ಹೋದೆವು, ಸರಾಸರಿ ಎಷ್ಟು ಪೆಟ್ರೋಲ್ ಕುಡಿಯಿತು ಎಂದು ಲೆಕ್ಕ ತೋರಿಸುತ್ತವೆ. ಅವಳು ಬಿ ಮೀಟರನ್ನು ಸೊನ್ನೆ ಮಾಡಿ, ಇದನ್ನು ಯಾರೂ ಮುಟ್ಟಬಾರದು ಎಂದಳು. ದೀಪಾವಳಿಯೊಳಗೆ ಆ ಸರಾಸರಿ ಆರಕ್ಕಿಂತ ಕಡಿಮೆ ಬಂದರೆ ನಾನು ಸೋತಂತೆ. ಸೋತರೆ ಊರಿನ ಕನ್ನಡದವರೆಲ್ಲ ಸೇರುವ ದೀಪಾವಳಿ ಊಟದಲ್ಲಿ ಮೈಕ್ ಹಿಡಿದು, "ಅದು ಲಾರಿ ಅಲ್ಲ, ನನಗೆ ಗಾಡಿ ಬಗ್ಗೆ ಏನೂ ಗೊತ್ತಿಲ್ಲ" ಎಂದು ಹೇಳಬೇಕು. ನನಗೆ ಮೈಕ್ ಎಂದರೆ ಎಷ್ಟು ಭಯ ಎಂದು ಅವಳಿಗೆ ಗೊತ್ತಿತ್ತು. ಗೆದ್ದರೆ ನನಗೆ ಏನು ಸಿಗುತ್ತದೆ ಎಂದು ನಾನು ಕೇಳಲೇ ಇಲ್ಲ. ಅಂಥ ಜಾಗದಲ್ಲೆಲ್ಲ ಅವಳು ಬಹಳ ಬೇಗ ಮಾತು ಮುಗಿಸಿಬಿಡುತ್ತಿದ್ದಳು.

ಮೊದಲ ವಾರ ನಾನೊಂದು ಕೆಲಸ ಮಾಡಿದೆ. ಟೆಂಪೊ ಓಡಿಸಿದವನ ಕೈ ಸುಮ್ಮನಿರುವುದಿಲ್ಲ. ಒಂದು ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ ಪೋಣಿಸಿ, ಅವಳಿಗೆ ಹೇಳದೆ, ಗಾಡಿಯ ಮೂತಿಗೆ ಕಟ್ಟಿದೆ. ಮೂತಿಯ ನಟ್ಟನಡುವೆ ಒಂದು ಕಪ್ಪು ಚೌಕ ಇತ್ತು, ಅದನ್ನು ಇದಕ್ಕೇ ಬಿಟ್ಟಿದ್ದಾರೋ ಎನ್ನುವ ಹಾಗೆ. ಮರುದಿನದಿಂದ ಗಾಡಿ ಕೂಗತೊಡಗಿತು. ಮುಂದೆ ಏನೋ ಅಡ್ಡ ಇದೆ, ಮುಂದೆ ಏನೋ ಅಡ್ಡ ಇದೆ. ಹೆದ್ದಾರಿಯಲ್ಲಿ ಅರ್ಧ ಕಿಲೋಮೀಟರು ಮುಂದೆ ಒಂದು ಸೈಕಲ್ಲೂ ಇಲ್ಲ, ಗಾಡಿ ಮಾತ್ರ ಬ್ರೇಕ್ ಹಾಕು ಎನ್ನುತ್ತದೆ. ಹೊಸ ಗಾಡಿಗೆ ಹೀಗಾಯಿತಲ್ಲ ಎಂದು ಅವಳು ವರ್ಕ್‌ಶಾಪಿಗೆ ಒಯ್ದಳು. ನಾನೂ ಹೋಗಿದ್ದೆ. ಅಲ್ಲಿನ ಮೆಕ್ಯಾನಿಕ್, ವಯಸ್ಸಾದ ಮನುಷ್ಯ, ಕಂಪ್ಯೂಟರ್ ಹಚ್ಚುವ ಮೊದಲು ಒಂದು ಸುತ್ತು ಬಂದು ಮುಂದೆ ಬಗ್ಗಿ ನೋಡಿದ. ಎರಡು ಬೆರಳಿನಲ್ಲಿ ದಾರ ಹಿಡಿದು ಎತ್ತಿದ. ಆ ಕಪ್ಪು ಚೌಕ ಗಾಡಿಯ ರಾಡಾರಂತೆ, ಅದರ ಕಣ್ಣು. ನಾನು ಕಣ್ಣಿಗೇ ಮೆಣಸಿನಕಾಯಿ ಕಟ್ಟಿದ್ದೆ.

"ಇದು ಗಾಡಿಯ ಜೊತೆ ಬಂದದ್ದಲ್ಲ ಅನಿಸುತ್ತದೆ," ಎಂದು ಅವನು ಸ್ವೀಡಿಷಿನಲ್ಲಿ ಗಂಭೀರವಾಗಿ ಹೇಳಿದ.

ಅವಳು ನನ್ನ ಕಡೆ ನೋಡಲಿಲ್ಲ. ಅವನ ಕೈಯಿಂದ ಅದನ್ನು ತೆಗೆದುಕೊಂಡು, "ಅಲ್ಲ, ಇದು ನನ್ನ ಗಂಡನ ಜೊತೆ ಬಂದದ್ದು," ಎಂದಳು.

ಅವಳು ಬಹಳ ಚೆನ್ನಾಗಿ ಓಡಿಸುತ್ತಿದ್ದಳು. ಈ ಗಾಡಿಗೆ ಬ್ರೇಕನ್ನು ದೂರದಿಂದಲೇ ಮೆತ್ತಗೆ ಒತ್ತಿದರೆ ಆ ಓಟವೆಲ್ಲ ವಿದ್ಯುತ್ತಾಗಿ ಬ್ಯಾಟರಿಗೆ ಮರಳುತ್ತದೆ. ಪ್ರತಿ ಸಲ ನಿಂತಾಗಲೂ ಎಷ್ಟು ಮರಳಿತು ಎಂದು ಪರದೆಯ ಮೇಲೆ ಅಂಕ ಬರುತ್ತದೆ. ಅವಳಿಗೆ ನೂರಕ್ಕೆ ನೂರು, ತೊಂಬತ್ತೆಂಟು, ನೂರಕ್ಕೆ ನೂರು. ಒಮ್ಮೆ ನನ್ನ ಕೈಗೆ ಕೊಟ್ಟಳು. ಮೂವತ್ತೊಂಬತ್ತು ಬಂತು. "ಪಾಸಿಗೆ ಮೂವತ್ತೈದು ಸಾಕಲ್ವಾ," ಎಂದೆ. ಇಳಿಯಿರಿ ಎಂದಳು. ಮೊದಮೊದಲು ಗಾಡಿಯ ಗುಣ ತಿಳಿಯದೆ ಸರಾಸರಿ ಏಳರ ಹತ್ತಿರ ಇತ್ತು. ಅವಳು ಅದನ್ನು ದಿನಕ್ಕಿಷ್ಟು ದಿನಕ್ಕಿಷ್ಟು ಇಳಿಸುತ್ತಾ ಬಂದಳು. ಜೂನ್ ಕೊನೆಗೆ ಆರು ಪಾಯಿಂಟ್ ಮೂರು.

ಒಂದು ಮಂಗಳವಾರ ಆಫೀಸಿನಲ್ಲಿ, ಫಿಕಾ ಹೊತ್ತಿಗೆ, ಎಂದರೆ ಇಲ್ಲಿನವರು ಕೆಲಸ ಬಿಟ್ಟು ಕಾಫಿಗೆ ಕೂರುವ ಹೊತ್ತಿಗೆ, ಅವಳು ತಲೆನೋವು ಎಂದು ಹೇಳಿ ಎದ್ದಳಂತೆ. ಮಿದುಳಿನಲ್ಲಿ ರಕ್ತಸ್ರಾವ. ಆಸ್ಪತ್ರೆಯಲ್ಲಿ ಮೂರು ದಿನ ಇದ್ದಳು, ಎಚ್ಚರವಾಗಲಿಲ್ಲ. ನಲವತ್ತೆರಡು ವರ್ಷ. ಆ ಮೂರು ದಿನವೂ ಗಾಡಿ ಅವಳ ಆಫೀಸಿನ ಮುಂದೆಯೇ ನಿಂತಿತ್ತು, ಆಮೇಲೆ ಆಫೀಸಿನವರೇ ಮನೆಗೆ ತಂದು ಬಿಟ್ಟರು. ಇದಕ್ಕಿಂತ ಹೆಚ್ಚು ಆ ದಿನಗಳ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ಈ ಊರಿನಲ್ಲಿ ಕನ್ನಡದ ಮನೆಗಳು ಹನ್ನೊಂದೋ ಹನ್ನೆರಡೋ ಇರಬಹುದು. ಎಲ್ಲರೂ ಊಟ ತಂದರು. ಇಲ್ಲಿ ಶವಸಂಸ್ಕಾರಕ್ಕೆ ದಿನ ಸಿಗುವುದು ಎರಡು ಮೂರು ವಾರ ಕಳೆದ ಮೇಲೆ, ಹಾಗಾಗಿ ಊಟ ಬರುತ್ತಲೇ ಇತ್ತು. ಕೊನೆಗೆ ನನ್ನ ಅಡುಗೆಮನೆಯಲ್ಲಿ ಇಪ್ಪತ್ತಾರು ಡಬ್ಬಿಗಳು ಉಳಿದವು. ಅವನ್ನು ಹೇಗೆ ವಾಪಸು ಕೊಡುವುದು ಎಂದು ಹುಬ್ಬಳ್ಳಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ.

"ಖಾಲಿ ಡಬ್ಬಿ ಕೊಡಬ್ಯಾಡಪ್ಪ. ಯಾರೂ ಕೊಡಂಗಿಲ್ಲ."

"ಹಂಗಾದ್ರ ಸ್ವಲ್ಪ ಸಕ್ಕರಿ ಹಾಕಿ ಕೊಡ್ಲೇನು?"

"ಸಾವಾದ ಮನಿಯಿಂದ ಸಿಹಿ ಕೊಡ್ತಾರೇನು? ಏನರ ಮಾತಾಡ್ತಿ."

"ಖಾಲಿನೂ ಬ್ಯಾಡ, ಸಿಹಿನೂ ಬ್ಯಾಡ. ಮತ್ತೇನು ಕೊಡ್ಲಿ?"

"ಅದನ್ನ ನೀ ನೋಡ್ಕೊ," ಎಂದು ಫೋನಿಟ್ಟಳು.

ನಾನು ಅಂಗಡಿಗೆ ಹೋಗಿ ಇಲ್ಲಿನವರು ತಿನ್ನುವ ಕ್ನೆಕ್ಕೆಬ್ರೂಡ್ ಎಂಬ ಒಣ ರೊಟ್ಟಿಯ ಪೊಟ್ಟಣಗಳನ್ನು ತಂದೆ. ಸಿಹಿಯಲ್ಲ, ಖಾರವಲ್ಲ, ಶುಭವಲ್ಲ, ಅಶುಭವಲ್ಲ. ಮುರಿದು ಮುರಿದು ಇಪ್ಪತ್ತಾರು ಡಬ್ಬಿಗೂ ತುಂಬಿದೆ. ಅಷ್ಟನ್ನೂ ಗಾಡಿಯ ತೊಟ್ಟಿಗೆ ಹಾಕಿ ಮನೆಮನೆಗೆ ಹೊರಟೆ. ಆಕೆ ಹೋದ ಮೇಲೆ ನಾನು ಆ ಗಾಡಿ ತೆಗೆದದ್ದು ಅದೇ ಮೊದಲು. ಡಬ್ಬಿಗಳು ಉರುಳಬಾರದೆಂದು ಬಹಳ ಮೆತ್ತಗೆ ಓಡಿಸಿದೆ, ಬ್ರೇಕನ್ನು ದೂರದಿಂದಲೇ ಹಿಡಿದೆ. ಗಾಡಿ ಯಾವ ಮನೆಯ ಮುಂದೆ ನಿಂತರೂ ಒಳಗಿನವರಿಗೆ ಕೇಳಿಸಲಿಲ್ಲ. ಒಬ್ಬಾಕೆ ಬಾಗಿಲು ತೆಗೆದು ಬೆಚ್ಚಿಬಿದ್ದು, ಡಬ್ಬಿ ತೆರೆದು ನೋಡಿ, "ಕಡಕ್ ರೊಟ್ಟಿ ಮಾಡಿದ್ರಾ ಅಣ್ಣ, ಇಂಥ ಟೈಮಲ್ಲಿ?" ಎಂದು ಕಣ್ಣು ತುಂಬಿಕೊಂಡರು. ನಾನು ತಿದ್ದಲಿಲ್ಲ.

ಕೊನೆಯ ಮನೆ ಮುಗಿಸಿ ಬಂದು ನಮ್ಮ ಮನೆಯ ಮುಂದೆ ನಿಲ್ಲಿಸಿದಾಗ ಪರದೆಯ ಮೇಲೆ ಬ್ರೇಕಿನ ಅಂಕ ಬಂತು. ತೊಂಬತ್ತೇಳು. ಬಿ ಮೀಟರು ನೋಡಿದೆ. ಆರು ಪಾಯಿಂಟ್ ಎರಡು.

ಅವಳದ್ದು ಎಲ್ಲವೂ ನಿಂತುಹೋಗಿತ್ತು. ಫೋನು, ಬ್ಯಾಂಕು, ಇಲ್ಲಿ ಪ್ರತಿಯೊಬ್ಬರಿಗೂ ಕೊಡುವ ಗುರುತಿನ ಸಂಖ್ಯೆ, ಎಲ್ಲವನ್ನೂ ಒಬ್ಬೊಬ್ಬರಾಗಿ ಮುಚ್ಚಿ ಪತ್ರ ಕಳಿಸುತ್ತಿದ್ದರು. ಬಿ ಮೀಟರಿನ ಈ ಸರಾಸರಿಯೊಂದು ಮಾತ್ರ ಅವಳು ಶುರು ಮಾಡಿದಲ್ಲಿಂದ ಇನ್ನೂ ನಡೆಯುತ್ತಿತ್ತು. ಅವಳ ನಾಲ್ಕು ಸಾವಿರ ಚಿಲ್ಲರೆ ಕಿಲೋಮೀಟರುಗಳು ಅದರೊಳಗೆ ಇದ್ದವು. ಅದನ್ನು ನಾನು ಆರಕ್ಕಿಂತ ಕೆಳಗೆ ಇಳಿಸಬೇಕು ಎಂದು ಅಲ್ಲೇ ತೀರ್ಮಾನವಾಯಿತು. ಪಂದ್ಯದಲ್ಲಿ ಸೋಲಬೇಕಾದವನು ನಾನು, ಸೋಲಿಸಬೇಕಾದವನೂ ನಾನೇ.

ಜುಲೈ ಕೊನೆಯಿಂದ ಸೆಪ್ಟೆಂಬರಿನವರೆಗೆ ನಾನು ಓಡಿಸಿದ ಹಾಗೆ ಈ ದೇಶದಲ್ಲಿ ಯಾರೂ ಓಡಿಸಿರಲಾರರು. ನೂರು ಹೋಗಬಹುದಾದ ಹೆದ್ದಾರಿಯಲ್ಲಿ ಎಪ್ಪತ್ತೆರಡು. ಎಪ್ಪತ್ತೆರಡೇ ಯಾಕೆಂದರೆ ಎಪ್ಪತ್ತನಾಲ್ಕರಲ್ಲಿ ಎಂಜಿನ್ ಏಳುತ್ತದೆ ಎಂದು ನನಗೆ ಅನ್ನಿಸಿತ್ತು. ನನ್ನ ಹಿಂದೆ ಕಾರುಗಳು ಮದುವೆ ದಿಬ್ಬಣದಂತೆ ಬರುತ್ತಿದ್ದವು. ಸ್ವೀಡನ್ನಿನವರು ಹಾರ್ನ್ ಹೊಡೆಯುವುದಿಲ್ಲ, ದಾಟಿ ಹೋಗುವಾಗ ಒಮ್ಮೆ ತಿರುಗಿ ನೋಡುತ್ತಾರೆ, ಅಷ್ಟೇ. ಅದು ಹಾರ್ನಿಗಿಂತ ಜೋರು.

ನನ್ನ ಪಕ್ಕದಲ್ಲಿ ಮಗಳು. ಹದಿನಾರು ವರ್ಷ. ಹ್ಯಾಂಡ್‌ಬಾಲ್ ಆಡುತ್ತಾಳೆ. ಅವಳ ಅಮ್ಮ ಹೋಗುತ್ತಿದ್ದ ಆಟದ ಮೈದಾನಗಳಿಗೆಲ್ಲ ಈಗ ನಾನು ಕರೆದೊಯ್ಯುತ್ತಿದ್ದೆ. ನಾನು ಹೇಳಿದ್ದಕ್ಕೆಲ್ಲ ಅವಳು ಸ್ವೀಡಿಷಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುತ್ತಾಳೆ. ತೀರಾ ಬೇಜಾರಾದಾಗ ಮಾತ್ರ ಕನ್ನಡ.

"ಪಪ್ಪಾ, ಕ್ಲಾಸಲ್ಲಿ ಕೇಳ್ತಿದಾರೆ. ನಿಮ್ಮನೇದು ಎ-ಟ್ರಾಕ್ಟರಾ ಅಂತ."

ಎ-ಟ್ರಾಕ್ಟರ್ ಎಂದರೆ ಇಲ್ಲಿ ಹದಿನೈದು ವರ್ಷದ ಮಕ್ಕಳೂ ಓಡಿಸಬಹುದಾದ ಗಾಡಿ. ಹಳೆಯ ಕಾರನ್ನೋ ಪಿಕಪ್ಪನ್ನೋ ಮೂವತ್ತರ ಮೇಲೆ ಓಡದಂತೆ ಕಟ್ಟಿಹಾಕಿ, ಹಿಂದೆ ದೊಡ್ಡ ತ್ರಿಕೋನ ಹಚ್ಚಿರುತ್ತಾರೆ.

"ನಾವು ಎಪ್ಪತ್ತೆರಡು ಹೋಗ್ತೀವಲ್ಲ," ಎಂದೆ.

"ನಿನ್ನೆ ಒಂದು ಎ-ಟ್ರಾಕ್ಟರ್ ನಮ್ಮನ್ನ ಓವರ್‌ಟೇಕ್ ಮಾಡ್ತು."

"ಅದು ಇಳಿಜಾರು. ಅವರು ಕಾನೂನು ಮುರಿದಿದ್ದಾರೆ."

ಗಾಡಿಯಲ್ಲಿ ಹಾಡು ಹಾಕುವುದನ್ನು ನಾನು ನಿಲ್ಲಿಸಿದ್ದೆ. ಎಂಜಿನ್ ಏಳುವ ಶಬ್ದ ಕೇಳಿಸಬೇಕಲ್ಲ. ಮಾತೂ ಕಡಿಮೆ ಮಾಡಿಸಿದ್ದೆ. ಮಾತಾಡಿದರೆ ಆಕ್ಸಿಲರೇಟರ್ ಮೇಲಿನ ಕಾಲು ಭಾರವಾಗುತ್ತದೆ, ನಾನು ಕಂಡುಕೊಂಡದ್ದು. ಅವಳು ಏನಾದರೂ ಹೇಳಲು ಬಾಯಿ ತೆರೆದರೆ ನಾನು ಒಂದು ಕೈ ಎತ್ತುತ್ತಿದ್ದೆ, ಮುಂದೆ ಸಿಗ್ನಲ್ ಇದೆ ಎಂದು. ಸಿಗ್ನಲ್ ದಾಟಿದ ಮೇಲೆ ಅವಳು ಕಿಟಕಿಯ ಕಡೆ ತಿರುಗಿರುತ್ತಿದ್ದಳು. ಹೀಗೆ ನಾವಿಬ್ಬರೂ ಸಾವಿರಾರು ಕಿಲೋಮೀಟರು ಅಕ್ಕಪಕ್ಕ ಕೂತು ಹೋಗಿದ್ದೇವೆ.

ಅಕ್ಟೋಬರಿನಲ್ಲಿ ಆರು ಪಾಯಿಂಟ್ ಸೊನ್ನೆ ಬಂತು. ಇನ್ನೊಂದು ಕೂದಲೆಳೆ. ಆದರೆ ಅಲ್ಲಿಂದ ಕೆಳಗೆ ಇಳಿಯಲಿಲ್ಲ. ಕಿಲೋಮೀಟರು ಹೆಚ್ಚಿದಷ್ಟೂ ಸರಾಸರಿ ಅಲುಗುವುದು ಕಷ್ಟ, ಅಷ್ಟು ಗಣಿತ ಪಿಯುಸಿಯಲ್ಲೂ ಇದೆ. ದೀಪಾವಳಿ ಬಂತು, ಹೋಯಿತು. ವರ್ಷ ತುಂಬುವವರೆಗೆ ನಮಗೆ ಹಬ್ಬವಿಲ್ಲ, ಊಟಕ್ಕೆ ಹೋಗಲಿಲ್ಲ. ಪಂದ್ಯದ ಗಡುವು ಮುಗಿದಿತ್ತು. ನಾನೇ ಅದನ್ನು ಕ್ರಿಸ್‌ಮಸ್‌ವರೆಗೆ ಮುಂದೂಡಿದೆ. ಆಕ್ಷೇಪಿಸುವವರು ಯಾರೂ ಇರಲಿಲ್ಲ.

ನವೆಂಬರಿನ ಚಳಿಯಲ್ಲಿ ಸಂಖ್ಯೆ ಮೇಲೆ ಹೊರಟಿತು. ಆರು ಪಾಯಿಂಟ್ ಒಂದು. ನನಗೆ ನಿದ್ದೆ ಬರಲಿಲ್ಲ. ದಪ್ಪ ಕೈಪಿಡಿ ತೆಗೆದು, ಡಿಕ್ಷನರಿ ಇಟ್ಟುಕೊಂಡು ಓದಿದೆ. ಒಳಗೆ ಬೆಚ್ಚಗಿಡುವ ಹೀಟರಿಗೆ ಬಿಸಿ ಬರುವುದು ಎಂಜಿನ್ನಿನಿಂದ. ಬ್ಯಾಟರಿಯಲ್ಲಿ ಹೋಗಬಹುದಾದ ಕಡೆಯೂ ಹೀಟರಿಗಾಗಿ ಎಂಜಿನ್ ಏಳುತ್ತದೆ. ಹಾಗಾದರೆ ಹೀಟರ್ ಬೇಡ.

ಎರಡು ಜಾಕೆಟ್ಟು, ಉಣ್ಣೆಯ ಟೋಪಿ, ಕೈಗವಸು, ಕಾಲಿಗೆ ಮೂರು ಜೊತೆ ಸಾಕ್ಸು ಹಾಕಿ ಓಡಿಸತೊಡಗಿದೆ. ಮಗಳಿಗೆ ಅವಳಮ್ಮನ ಶಾಲು ಹೊದಿಸಿದೆ. ಉಸಿರಿನಿಂದ ಗಾಜು ಮಂಜಾದರೆ ಕಿಟಕಿ ಸ್ವಲ್ಪ ಇಳಿಸುತ್ತಿದ್ದೆ. ಹೊರಗಿನ ಗಾಳಿ ಬಾಲ್ಟಿಕ್ ಸಮುದ್ರದಿಂದ ನೇರ ಅವಳ ಕಿವಿಗೇ ಬರುತ್ತಿತ್ತು.

"ಪಪ್ಪಾ, ಸ್ನೆಲ್ಲಾ," ಎನ್ನುತ್ತಿದ್ದಳು, ದಯವಿಟ್ಟು ಎಂಬುದಕ್ಕೆ ಇಲ್ಲಿನ ಮಾತು. "ಒಂದೇ ಒಂದು ಡಿಗ್ರಿ."

"ಉಸಿರು ಮೆಲ್ಲಗೆ ಬಿಡು. ಗಾಜು ಮಂಜಾಗಲ್ಲ."

ಒಂದು ದಿನ ಅವಳ ಸೀಟನ್ನು ಬಿಸಿ ಮಾಡುವ ಗುಂಡಿಯ ಕಿತ್ತಳೆ ದೀಪ ಉರಿಯುತ್ತಿರುವುದು ಕಂಡಿತು. ಬ್ಯಾಗನ್ನು ಅಡ್ಡ ಇಟ್ಟು ಮುಚ್ಚಿಕೊಂಡಿದ್ದಳು. ನಾನು ಕೈ ಚಾಚಿ ಆರಿಸಿದೆ. ಈಗ ಬರೆಯುವಾಗ ಈ ವಾಕ್ಯ ನನಗೆ ನಾಚಿಕೆ ತರುತ್ತದೆ. ಆಗ ನನಗೆ ಕಂಡದ್ದು ಆ ಸಂಖ್ಯೆ ಒಂದೇ.

ಡಿಸೆಂಬರಿನ ಮೊದಲ ವಾರ, ಇಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುವ ಉಡುಪಿ ಕಡೆಯ ಹುಡುಗಿಯೊಬ್ಬಳು ಫೋನ್ ಮಾಡಿದಳು. ನನ್ನ ಹೆಂಡತಿಯನ್ನು ಅಕ್ಕ ಅಕ್ಕ ಎಂದು ಹಿಂದೆಯೇ ಸುತ್ತುತ್ತಿದ್ದವಳು. ಅವಳಿಗೆ ಬೇರೆ ಬಾಡಿಗೆ ಮನೆ ಸಿಕ್ಕಿತ್ತು.

"ಅಣ್ಣ, ಕೇಳೋದಕ್ಕೆ ಒಂಥರಾ ಆಗ್ತಿದೆ. ಅಕ್ಕ ಸಮ್ಮರಲ್ಲೇ ಹೇಳಿದ್ರು, ನೀನು ಮನೆ ಶಿಫ್ಟ್ ಮಾಡುವಾಗ ಗಾಡಿ ತಗೊಂಡು ಹೋಗು ಅಂತ. ಒಂದು ಮಂಚ, ಒಂದು ಮೇಜು, ಅಷ್ಟೇ."

ನನ್ನ ಹೆಂಡತಿ ಮಾತು ಕೊಟ್ಟಿದ್ದಳು ಎಂದ ಮೇಲೆ ನಾನು ಇಲ್ಲ ಎನ್ನುವುದು ಹೇಗೆ. ಶುಕ್ರವಾರ ಮಧ್ಯಾಹ್ನ ಆ ಹುಡುಗಿ ಬಂದಳು. ಕೀ ಕೊಡುವಾಗ ಬ್ರೇಕ್ ದೂರದಿಂದ ಹಿಡಿ ಎಂದೆ. ಹೀಟರಿನ ಬಗ್ಗೆ ಹೇಳಲು ಬಾಯಿ ಬರಲಿಲ್ಲ. ಊರೊಳಗೆ ನಾಲ್ಕು ಸುತ್ತು, ಎಂಟು ಸಾವಿರ ಕಿಲೋಮೀಟರಿನ ಸರಾಸರಿಗೆ ಅದೇನು ಮಾಡೀತು ಎಂದು ಸಮಾಧಾನ ಹೇಳಿಕೊಂಡೆ.

ಸಂಜೆ ಐದಕ್ಕೆ ವಾಪಸು ತಂದಳು. ಗಾಡಿ ತೊಳೆಸಿದ್ದಳು. ತೊಟ್ಟಿಯಲ್ಲಿ ಒಂದು ಡಬ್ಬಿ, ಅದರಲ್ಲಿ ಮೈದಾಹಿಟ್ಟಿನ ಕರಿದ ತುಕ್ಡಿ. ಮುಖ ಚಳಿಗೆ ಕೆಂಪಾಗಿತ್ತು, ಕೆಲಸ ಮುಗಿದ ಖುಷಿಯಲ್ಲಿತ್ತು.

"ಅಣ್ಣ, ಪೆಟ್ರೋಲ್ ಹಾಕ್ಸಿದೀನಿ. ಟ್ಯಾಂಕ್ ಫುಲ್ ಮಾಡಿದ್ರೆ ನೀವು ಬೈತೀರಾ ಅಂತ ಗೊತ್ತಿತ್ತು. ಅದಕ್ಕೆ ಹೊರಡೋ ಮೊದಲು ಮೀಟರ್ ಝೀರೋ ಮಾಡ್ಕೊಂಡೆ. ಎಷ್ಟು ಓಡ್ಸಿದ್ನೋ ಕರೆಕ್ಟಾಗಿ ಅಷ್ಟೇ ಹಾಕ್ಸಿದ್ದು. ಈಗ ನೀವು ಏನೂ ಹೇಳೋ ಹಾಗಿಲ್ಲ."

"ಯಾವ ಮೀಟರ್?" ಎಂದೆ.

"ಬಿ. ಎ ದಲ್ಲಿ ನಿಮ್ಮ ಏನಾದ್ರೂ ಲೆಕ್ಕ ಇರಬಹುದು ಅಂತ ಅದನ್ನ ಮುಟ್ಟಲೇ ಇಲ್ಲ. ಬಿ ಯಾರೂ ಯೂಸ್ ಮಾಡಲ್ಲ ಅಲ್ವಾ."

ನಾನು ಗಾಡಿಯ ಕಡೆ ತಿರುಗಿದೆ. ಅವಳ ಮುಖದ ಖುಷಿ ಸ್ವಲ್ಪ ಇಳಿಯಿತು. "ಎಂತಾಯ್ತು ಮಾರಾಯ್ರೆ?" ಎಂದಳು. ಬೇರೆ ಊರಿನವರ ಮುಂದೆ ಅವಳು ಬಾಯಿಗೆ ಬರಗೊಡದ ಮಾತು ಅದು.

"ಏನಿಲ್ಲಮ್ಮ. ಒಳ್ಳೇದು ಮಾಡಿದೆ. ಸಾಲದ ಪೆಟ್ರೋಲ್ ಇಟ್ಕೊಂಡು ನಾನೇನು ಮಾಡ್ಲಿ. ಒಳಗೆ ಬಾ, ಚಹಾ ಕುಡಿ."

ಅವಳು ಚಹಾ ಕುಡಿದು, ಹೊಸ ಮನೆಯ ಕಿಟಕಿಯಿಂದ ಸಮುದ್ರ ಕಾಣುತ್ತದೆ, ಕುತ್ತಿಗೆ ಉದ್ದ ಮಾಡಿದರೆ ಮಾತ್ರ ಎಂದು ಹೇಳಿ ನಗಿಸಿ ಹೋದಳು. ಅವಳಿಗೆ ನಾನು ಇವತ್ತಿನವರೆಗೂ ಹೇಳಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ. ಬೇಜಾರು ಮಾಡಿಕೊಳ್ಳಬೇಡಮ್ಮ. ತುಕ್ಡಿ ಚೆನ್ನಾಗಿತ್ತು.

ಅವಳು ಹೋದ ಮೇಲೆ ಹೋಗಿ ಗಾಡಿಯಲ್ಲಿ ಕೂತೆ. ಟಿಣ್ ಎಂದಿತು. ಬಿ: ಇಪ್ಪತ್ತಮೂರು ಕಿಲೋಮೀಟರ್. ಸರಾಸರಿ ಎಂಟು ಪಾಯಿಂಟ್ ನಾಲ್ಕು. ಹೀಟರ್ ಪೂರ್ತಿ ತಿರುಗಿಸಿಟ್ಟಿದ್ದಳು. ಹಿಂದಿನ ಸಂಖ್ಯೆ ಎಲ್ಲಾದರೂ ಉಳಿದಿರಬಹುದೆಂದು ಎಲ್ಲ ಗುಂಡಿಗಳನ್ನೂ ಒತ್ತಿದೆ, ಪರದೆಯ ಒಳಗಿನ ಒಳಗಿನ ಪಟ್ಟಿಗಳನ್ನೆಲ್ಲ ತೆರೆದೆ. ಭಾಷೆಯನ್ನು ಫ್ರೆಂಚಿಗೆ ಬದಲಾಯಿಸಿ, ಮತ್ತೆ ಇಂಗ್ಲಿಷಿಗೆ ತರಲು ಹತ್ತು ನಿಮಿಷ ಒದ್ದಾಡಿದೆ. ಎಲ್ಲೂ ಇರಲಿಲ್ಲ.

ಮಗಳು ಅಭ್ಯಾಸ ಮುಗಿಸಿ ಬಸ್ಸಿನಲ್ಲಿ ಬಂದವಳು ಗಾಡಿಯಲ್ಲಿ ದೀಪ ನೋಡಿ ಹತ್ತಿರ ಬಂದಳು. ಬಾಗಿಲು ತೆಗೆದು ಪಕ್ಕದಲ್ಲಿ ಕೂತಳು. ಪರದೆ ನೋಡಿದಳು. ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ.

"ಯಾರು?"

ಹೇಳಿದೆ.

"ಅವಳಿಗೆ ಹೇಳಿದ್ಯಾ?"

"ಇಲ್ಲ."

"ಬ್ರಾ," ಎಂದಳು. ಒಳ್ಳೆಯದು ಎಂದರ್ಥ. ಆಮೇಲೆ ಕನ್ನಡದಲ್ಲಿ ಕೇಳಿದಳು, "ಎಷ್ಟಿತ್ತು ಕೊನೆಗೆ?"

"ಆರು ಪಾಯಿಂಟ್ ಒಂದು."

"ಅಂದ್ರೆ ನೀನೇ ಗೆದ್ದೆ."

ನನಗೆ ಅದು ಹೊಳೆದಿರಲಿಲ್ಲ. ಮೂರು ಜೊತೆ ಸಾಕ್ಸು ಹಾಕಿಕೊಂಡು ಸೋಲಲು ಪಟ್ಟ ಪಾಡೆಲ್ಲ ಒಮ್ಮೆಲೇ ನೆನಪಾಗಿ ನಗು ಬಂತು. ನಗು ಎಂದು ಶುರುವಾದದ್ದು ನಗುವಾಗಿ ಉಳಿಯಲಿಲ್ಲ. ಸಂಸ್ಕಾರದ ದಿನವೂ ನಾನು ಮಗಳ ಮುಂದೆ ಅತ್ತಿರಲಿಲ್ಲ. ಅವಳು ನನ್ನ ಟೋಪಿಯನ್ನು ಕಣ್ಣಿನ ಮೇಲೆ ಎಳೆದುಬಿಟ್ಟಳು, ಪಕ್ಕದ ಮನೆಯವರು ನಾಯಿ ಹಿಡಿದುಕೊಂಡು ಹೋಗುತ್ತಿದ್ದರು ಎಂದು.

ಮರುದಿನ, ಶನಿವಾರ, ಕಲ್ಮಾರಿನಲ್ಲಿ ಮಗಳ ಹ್ಯಾಂಡ್‌ಬಾಲ್ ಪಂದ್ಯ. ಒಂದೂಕಾಲು ಗಂಟೆಯ ದಾರಿ. ಬೆಳಿಗ್ಗೆ ಗಾಡಿಯ ಮೇಲೆ ಹಿಮದ ತೆಳುಪದರ ಇತ್ತು. ಕೆರೆದು ಒಳಗೆ ಕೂತೆ. ನಾನೇ ಹೀಟರ್ ಹಾಕಿದೆ, ಇಪ್ಪತ್ತೆರಡಕ್ಕೆ. ಎಂಜಿನ್ ಎದ್ದಿತು, ಏಳಲಿ ಎಂದು ಬಿಟ್ಟೆ. ಪರದೆಯಲ್ಲಿ ಮೀಟರಿನ ಬದಲು ನಕ್ಷೆ ತಂದುಕೊಂಡೆ. ನೂರು ಹೋಗಬಹುದಾದಲ್ಲಿ ನೂರು ಹೋದೆ. ಕಾರುಗಳು ನಮ್ಮ ಹಿಂದೆ ಸಾಲುಗಟ್ಟಲಿಲ್ಲ, ಅದು ಸ್ವಲ್ಪ ಒಂಟಿ ಅನ್ನಿಸಿತು.

ಅರ್ಧ ದಾರಿಯಲ್ಲಿ ಅವಳು ಶಾಲು ತೆಗೆದಳು, ಆಮೇಲೆ ಜಾಕೆಟ್ಟಿನ ಜಿಪ್ ಇಳಿಸಿದಳು. ಏನೋ ಕೇಳುವವಳಂತೆ ನನ್ನ ಕೈ ನೋಡಿದಳು. ನಾನು ಕೈ ಎತ್ತಲಿಲ್ಲ.

"ಆ ಮಂಗಳವಾರ ಬೆಳಿಗ್ಗೆ," ಎಂದಳು, "ಅಮ್ಮ ಏನಂದ್ಲು? ಹೋಗೋವಾಗ."

ಆ ವಾರ ಮಗಳು ತನ್ನ ತಂಡದ ಜೊತೆ ಗೋಥೆನ್‌ಬರ್ಗಿನಲ್ಲಿದ್ದಳು. ಬಂದು ಮುಟ್ಟುವ ಹೊತ್ತಿಗೆ ಆಸ್ಪತ್ರೆಯಲ್ಲಿ ಯಂತ್ರಗಳ ಶಬ್ದ ಮಾತ್ರ ಇತ್ತು. ಐದು ತಿಂಗಳಿನಿಂದ ಈ ಒಂದು ಪ್ರಶ್ನೆಯನ್ನು ಅವಳು ಹೊತ್ತುಕೊಂಡು ನನ್ನ ಪಕ್ಕದಲ್ಲಿ ಕೂತಿದ್ದಾಳೆ ಎಂಬುದು ನನಗೆ ತಿಳಿಯಲೇ ಇಲ್ಲ.

ದೊಡ್ಡ ಮಾತೇನಾದರೂ ಇದ್ದಿದ್ದರೆ ಚೆನ್ನಾಗಿತ್ತು ಎಂದು ಒಂದು ಕ್ಷಣ ಅನ್ನಿಸಿತು. ಇದ್ದದ್ದನ್ನೇ ಹೇಳಿದೆ.

"ನನ್ನ ಒಂದು ಸಾಕ್ಸ್ ಉಲ್ಟಾ ಇತ್ತು. ಅದನ್ನ ನೋಡಿ, 'ಹೀಗೇ ಹೋಗ್ತೀರಾ ಮಕ್ಕಳ ಮುಂದೆ?' ಅಂದ್ಲು. ನಾನು, 'ಅವಕ್ಕೆಲ್ಲ ಎರಡು ವರ್ಷ, ಅವಕ್ಕೇನು ಗೊತ್ತಾಗುತ್ತೆ' ಅಂದೆ. 'ಅವಕ್ಕೇ ಮೊದ್ಲು ಗೊತ್ತಾಗೋದು' ಅಂತ ಹೇಳಿ ಹೋದ್ಲು."

"ಅಷ್ಟೇನಾ?"

"ಅಷ್ಟೇ. ಬಾಗಿಲ ಹತ್ತಿರ ಹೋಗಿ ವಾಪಸ್ ಬಂದ್ಲು."

"ಯಾಕೆ?"

"ನಿನ್ನ ಪಾಸ್ತಾ ಡಬ್ಬಿ ಫ್ರಿಜ್ಜಲ್ಲಿ ಐದು ದಿನದಿಂದ ಇತ್ತು. ಅದರ ವಾಸನೆ ನೋಡಿ ಎಸೆದು ಹೋದ್ಲು. ನಿನ್ನನ್ನ ಬೈದ್ಲು."

"ಏನಂತ?"

"ಅದನ್ನ ಹೇಳಿದ್ರೆ ನಿನಗೆ ಅರ್ಥ ಆಗಲ್ಲ, ಹಾವೇರಿ ಬೈಗುಳ."

"ಹೇಳು."

ಹೇಳಿದೆ. ಅವಳು ಅದನ್ನು ಬಾಯಲ್ಲಿ ಎರಡು ಸಲ ತಿರುವಿ ನೋಡಿದಳು. ಅವಳ ಸ್ವೀಡಿಷ್ ನಾಲಗೆಯಲ್ಲಿ ಅದು ಬೈಗುಳದಂತೆ ಕೇಳಲಿಲ್ಲ, ಯಾವುದೋ ಊರಿನ ಹೆಸರಿನಂತೆ ಕೇಳಿತು. ನಾನು ತಿದ್ದಿದೆ. ಮತ್ತೆ ಹೇಳಿದಳು. ಒತ್ತು ಎಲ್ಲಿ ಬೀಳಬೇಕು ಎಂದು ತೋರಿಸಿದೆ. ಮೂರನೆಯ ಸಲ ಸರಿಯಾಗಿ ಬಂತು, ಅವಳಮ್ಮ ಹೇಳಿದ ಹಾಗೇ ಬಂತು.

ಆಮೇಲೆ ಅವಳು ಶಾಲನ್ನು ಮಡಚಿ ಮಡಿಲಲ್ಲಿಟ್ಟುಕೊಂಡು, ನನ್ನ ಕಡೆ ತಿರುಗಿ ಕೂತು, "ಈಗ ಅದರ ಹಿಂದಿನ ದಿನ, ಆ ಸೋಮವಾರದಿಂದ ಹೇಳು," ಎಂದಳು.